ಹುಮಾಳ ಐದು ಬೆಲ್ಟಿನ ಸೀಟು

ಸೀಟಿನ ವಿಷಯದಲ್ಲಿ ಮುರ್ತುಜಾಸಾಬರಿಗೆ ಬುದ್ಧಿ ಹೇಳುವವರು ಇಂಡಿ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ಅವರದೇ ಮಾತು. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಿಕೆ ಮಾಡಿ ನಿವೃತ್ತರಾದವರು ಅವರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನಿಗೂ, ಬಾಗಿಲಿನಿಂದ ಹತ್ತಿ ಅದೇ ಟವೆಲಿನ ಮೇಲೆ ಕೂತವನಿಗೂ ನಡೆಯುವ ವ್ಯಾಜ್ಯವನ್ನು ನಿಂತನಿಂತಲ್ಲೇ ತೀರ್ಮಾನಿಸಿ, ಎರಡೂ ಕಡೆಯವರಿಂದ ಬೈಸಿಕೊಂಡು, ಮುಂದಿನವರಿಗೆ ಟಿಕೆಟ್ ಹರಿದವರು. ಮಕ್ಕಳ ಬಗ್ಗೆಯಂತೂ ಅವರ ಕಾನೂನು ಬಹಳ ಸರಳವಾಗಿತ್ತು. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದವರಿಗೆ ಸೀಟಿಲ್ಲ. ಆದ್ದರಿಂದ ಮಗು ತೊಡೆಯ ಮೇಲೆ. ಇದನ್ನು ಅವರು ಮಂತ್ರಿಯ ಮೊಮ್ಮಗನಿಗೂ ಹೇಳುತ್ತಿದ್ದರಂತೆ. ಯಾವ ಮಂತ್ರಿಯ ಮೊಮ್ಮಗನೂ ಅವರ ಬಸ್ಸು ಹತ್ತಲಿಲ್ಲವೆಂಬುದು ಬೇರೆ ವಿಷಯ.

ಇಂಥವರಿಗೆ ಮಸ್ಕತ್ತಿನಲ್ಲಿದ್ದ ಮಗಳು ಶಬಾನಾ ಫೋನು ಮಾಡಿ, ಎರಡೂವರೆ ವರ್ಷದ ಮೊಮ್ಮಗಳು ಹುಮಾಳಿಗೆ ಕಾರಿನಲ್ಲಿ ಒಂದು ಇಡೀ ಸೀಟು ಬೇಕು ಅಂದಳು. ಬರೀ ಜಾಗವಲ್ಲ, ಕಾರಿನ ಸೀಟಿನ ಮೇಲೆ ಕಟ್ಟುವ ಇನ್ನೊಂದು ಸೀಟು. ಅದಕ್ಕೆ ಐದು ಬೆಲ್ಟು ಇರಬೇಕು, ಕುತ್ತಿಗೆಗೆ ಆಸರೆ ಇರಬೇಕು, ಹದಿನೆಂಟು ಕಿಲೋ ತನಕ ತಾಳಬೇಕು, ತಪಾಸಣೆಯಾದ ಮಾರ್ಕು ಇರಬೇಕು. ಅವರ ಹತ್ತಿರ ಇದ್ದದ್ದು ಸಣ್ಣದಾಗಿ ಯಾರಿಗೋ ಕೊಟ್ಟಾಗಿತ್ತು. ಹೊಸದನ್ನು ಇಲ್ಲೇ ಕೊಂಡು, ವಾಪಸು ಹೋಗುವಾಗ ಜೊತೆಗೆ ಒಯ್ಯುವ ವಿಚಾರ ಅವಳದು. ಮುರ್ತುಜಾಸಾಬರು ತಮ್ಮ ಕಾನೂನು ಹೇಳಿ ನೋಡಿದರು. ಶಬಾನಾ ಆ ದೇಶದ ಕಾನೂನು ಹೇಳಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅಲ್ಲಿ ಪೊಲೀಸರು ಗಾಡಿ ನಿಲ್ಲಿಸುತ್ತಾರಂತೆ.

"ಸೀಟಿಲ್ಲದ ಗಾಡ್ಯಾಗ ನಾ ಆಕಿನ್ನ ಕುಂದ್ರಸಾಂಗಿಲ್ಲ ಅಬ್ಬಾ. ಯಾರ ಗಾಡ್ಯಾಗ ಸೀಟ್ ಇರ್ತೈತಿ, ಅವರ ಗಾಡ್ಯಾಗ ಬರ್ತೇವಿ. ಮೊದಲ ಅವರ ಮನಿಗೇ ಹೋಗ್ತೇವಿ" ಅಂದಳು.

ಈ ಕೊನೆಯ ಮಾತು ಕೇಳಿ ಮುರ್ತುಜಾಸಾಬರು ಕಾಲ ಮೇಲೆ ಹಾಕಿಕೊಂಡಿದ್ದ ಕಾಲು ತೆಗೆದು ನೆಟ್ಟಗೆ ಕೂತರು. ಯಾಕೆಂದರೆ ಶಬಾನಾಳ ಮಾವ, ಬಸವನ ಬಾಗೇವಾಡಿಯ ಮುಕ್ತಾರಸಾಬರಿಗೆ ಕಾಳಿನ ಅಂಗಡಿ ಇತ್ತು, ಜೀಪು ಇತ್ತು, ಎತ್ತರದ ದನಿ ಇತ್ತು. ಮಗ, ಶಬಾನಾಳ ಗಂಡ ಅಶ್ಫಾಕನಿಗೆ ಸಿಕ್ಕ ಹದಿನೈದು ದಿನದ ರಜೆಯನ್ನು ಅವರು ಆಗಲೇ ಹಂಚಿಬಿಟ್ಟಿದ್ದರು. ಬಾಗೇವಾಡಿಗೆ ಹನ್ನೆರಡು ದಿನ, ಇಂಡಿಗೆ ಮೂರು. ಆ ಮೂರೂ ಕಡೆಯ ಮೂರು, ಸಾಮಾನು ಕಟ್ಟುವ ಗಡಿಬಿಡಿಯವು. ಹೈದರಾಬಾದಿನಲ್ಲಿ ವಿಮಾನ ಇಳಿದು ಬರುವ ರಸ್ತೆ ಸಿಂದಗಿಯಲ್ಲಿ ಒಡೆಯುತ್ತದೆ. ಒಂದು ಇಂಡಿಗೆ, ಇನ್ನೊಂದು ಬಾಗೇವಾಡಿಗೆ. ಗಾಡಿ ಯಾವ ಕಡೆ ಹೊರಳುತ್ತದೋ ಮೊಮ್ಮಗಳು ಮೊದಲು ಆ ಅಜ್ಜನವಳು.

ಹುಮಾ ಹುಟ್ಟಿದ್ದೇ ಮಸ್ಕತ್ತಿನಲ್ಲಿ. ಮುರ್ತುಜಾಸಾಬರೂ ಹೆಂಡತಿ ಜೋಹರಾಬಿಯೂ ಆಕೆಯನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಪ್ರತಿ ಶುಕ್ರವಾರ ಶಬಾನಾ ಕಾರಿನಲ್ಲಿ ಹೋಗುತ್ತಾ ಫೋನು ಮಾಡುವಳು. ಹಿಂದೆ ಬೆಲ್ಟು ಬಿಗಿಸಿಕೊಂಡ ಹುಮಾ ಬಿಸ್ಕಿಟು ತಿನ್ನುತ್ತಾ ಕೂತಿರುವಳು. ಒಮ್ಮೆ ಮನೆಯಿಂದ ಮಾಡಿದಾಗ ಹುಮಾ ಫೋನು ಕಸಿದುಕೊಂಡು ಎಲ್ಲೋ ಬಿಸಾಡಿದಳು. ಅಜ್ಜ ಅಜ್ಜಿ ಹದಿನೈದು ನಿಮಿಷ ತಿರುಗುವ ಫ್ಯಾನು ನೋಡಿದರು. ಜೋಹರಾಬಿ ಆ ಫ್ಯಾನಿಗೇ ದೃಷ್ಟಿ ತೆಗೆದು ಫೋನು ಇಟ್ಟರು. ಎರಡೂವರೆ ವರ್ಷ ಹೀಗೆ ಕಳೆದವರಿಗೆ ಮೂರು ದಿನ ಯಾವ ಮೂಲೆಗೆ ಸಾಕು? ಮೊದಲು ನಮ್ಮ ಮನೆಗೆ ಬರಲಿ, ಬಂದ ಮೇಲೆ ಮೂರು ನಾಲ್ಕಾಗುವುದೋ ಐದಾಗುವುದೋ ನೋಡೋಣ ಎಂಬುದು ಮುರ್ತುಜಾಸಾಬರ ಲೆಕ್ಕ. ಎಲ್ಲಕ್ಕೂ ಸೀಟು ಬೇಕು.

ಗಾಡಿಯ ಚಿಂತೆ ಇರಲಿಲ್ಲ. ಪಕ್ಕದ ಮನೆಯ ಗುರಪ್ಪ ಗೊಬ್ಬರದ ಅಂಗಡಿಯವನು, ಕಾರಿದ್ದವನು, ಮುರ್ತುಜಾಸಾಬರಿಗಿಂತ ಹತ್ತು ವರ್ಷ ಸಣ್ಣವನು. ಹೈದರಾಬಾದಿಗೆ ನಾನೇ ಹೊಡೆದುಕೊಂಡು ಬರುತ್ತೇನೆ ಅಂದ. ಆದರೆ ಸೀಟು? ಇಂಡಿಯ ಬಜಾರಿನಲ್ಲಿ ಕೇಳಿದರೆ ಸೈಕಲ್ ಅಂಗಡಿಯವನು ದಂಡಿಗೆ ಕಟ್ಟುವ ಸಣ್ಣ ಸೀಟು ತೋರಿಸಿದ. ಸಲೂನಿನವನು, ಮಕ್ಕಳ ಕ್ಷೌರಕ್ಕೆ ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಹಲಗೆ ಒಯ್ಯಿರಿ, ಎರಡು ದಿನ ನಾನು ಹೇಗೋ ಸುಧಾರಿಸುತ್ತೇನೆ ಅಂದ. ಒಳ್ಳೆಯ ಮನುಷ್ಯ, ಆದರೆ ಹಲಗೆಗೆ ಮಾರ್ಕು ಇರಲಿಲ್ಲ.

ಸಿಂದಗಿಯಲ್ಲಿ ಸಿಗಬಹುದೆಂದು ಯಾರೋ ಹೇಳಿದರು. ಮುರ್ತುಜಾಸಾಬರು ಹೋದರು. ಬಟ್ಟೆ ಅಂಗಡಿ, ಆಟಿಕೆ ಅಂಗಡಿ ಎಲ್ಲ ತಿರುಗಿ, ಬೆಲ್ಟು ಅಂದರೆ ಅಲ್ಲೇ ಇರಬೇಕೆಂದು ಪರಮಾನಂದನ ಅಂಗಡಿಗೆ ಬಂದರು. ಪರಮಾನಂದ ಮಾರುತ್ತಿದ್ದದ್ದು ನಡುನೋವಿನ ಪಟ್ಟಿ, ಊರುಗೋಲು, ಗಾಲಿಕುರ್ಚಿ ಇತ್ಯಾದಿ. ಎರಡೂವರೆ ವರ್ಷದ ಮಗುವಿಗೆ ಬೆಲ್ಟಿನ ಕುರ್ಚಿ ಬೇಕು ಅಂದ ಕೂಡಲೇ ಅವನು ದನಿ ಇಳಿಸಿದ.

"ಎಷ್ಟ ದಿನದಿಂದ ಹಿಂಗ್ರಿ?"

"ಹುಟ್ಟಿದಾಗಿಂದ್ರಿ" ಅಂದರು ಮುರ್ತುಜಾಸಾಬರು. "ದವಾಖಾನಿಯಿಂದ ಮನಿಗೆ ಕಳಿಸೂ ಮುಂದನ ಅದರಾಗ ಕುಂದ್ರಿಸಿ ಕಳಿಸ್ಯಾರ. ಅಲ್ಲೆ ಡಾಕ್ಟರ ಬಿಡೂದೇ ಇಲ್ಲಂತ."

"ಬೆಲ್ಟ್ ಇಲ್ಲದ ಕುಂದ್ರೂದಿಲ್ಲೇನ್ರಿ?"

"ಇಲ್ರಿ. ಹೆಗಲಿಗೆ ಎರಡು, ಸೊಂಟಕ್ಕ ಎರಡು, ಕಾಲ ನಡುವ ಒಂದು. ಕುತ್ತಿಗಿಗೆ ಬ್ಯಾರೆ ಆಸರಾ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪರಮಾನಂದ ಸ್ಟೂಲು ಎಳೆದು ಕೂರಿಸಿದ, ಚಹಾ ತರಿಸಿದ, ದೇವರಿದ್ದಾನೆ ಅಂದ. ಸೀಟಿನ ಬಗ್ಗೆ ತಾವು ಮಾತಾಡಿದರೆ ಗೊತ್ತಿದ್ದವರು ಹೀಗೆ ಗೌರವ ಕೊಡುವುದು ಸಹಜವೇ ಎಂದುಕೊಂಡು ಮುರ್ತುಜಾಸಾಬರು ಚಹಾ ಕುಡಿದರು. ಅವನು ತೋರಿಸಿದ ಕುರ್ಚಿ ಕಾರಿನ ಬಾಗಿಲಲ್ಲಿ ತೂರುವಂತಿರಲಿಲ್ಲವಾದ್ದರಿಂದ ಬರಿಗೈಲಿ ಬಸ್ಸು ಹತ್ತಿದರು.

ಪರಮಾನಂದನ ಹೆಂಡತಿಯ ತವರುಮನೆ ಇಂಡಿ. ಬಸ್ಸು ದಾರಿಯಲ್ಲಿ ಹಳ್ಳಿ ಹಳ್ಳಿಗೂ ನಿಂತಿತು. ಸುದ್ದಿ ಎಲ್ಲೂ ನಿಲ್ಲಲಿಲ್ಲ. ಮುರ್ತುಜಾಸಾಬರು ಮನೆ ಮುಟ್ಟಿದಾಗ ಅಂಗಳದ ತುಂಬ ಚಪ್ಪಲಿ ಬಿಟ್ಟಿದ್ದವು. ಗುರಪ್ಪನ ಹೆಂಡತಿ ಚನ್ನವ್ವ ಜೋಹರಾಬಿಯ ಬೆನ್ನು ಸವರುತ್ತಾ ಕೂತಿದ್ದಳು. ಮೊಮ್ಮಗಳಿಗೆ ಬೆನ್ನಲ್ಲಿ ಬಲವಿಲ್ಲವಂತೆ, ಕುತ್ತಿಗೆ ನಿಲ್ಲುವುದಿಲ್ಲವಂತೆ, ಐದು ಕಡೆ ಕಟ್ಟಿಯೇ ಕೂರಿಸಬೇಕಂತೆ, ಸಾಬರು ಇಷ್ಟು ದಿನ ಹೆಂಡತಿಗೂ ಹೇಳದೆ ಎದೆಯಲ್ಲಿ ಇಟ್ಟುಕೊಂಡಿದ್ದರಂತೆ.

ಮುರ್ತುಜಾಸಾಬರು ನಕ್ಕರು. ನಗಬಾರದಿತ್ತು. ದುಃಖ ಹೆಚ್ಚಾದರೆ ಗಂಡಸರು ಹೀಗೇ ನಗುತ್ತಾರೆಂದು ಚನ್ನವ್ವ ಉಳಿದವರಿಗೆ ಮೆಲ್ಲಗೆ ತಿಳಿಸಿದಳು. ಮಗು ಚೆನ್ನಾಗಿದೆ ಅಂದರು ಮುರ್ತುಜಾಸಾಬರು. ಹಾಗಾದರೆ ಬೆಲ್ಟು ಯಾಕೆ ಎಂದು ಕೂತವರು ಕೇಳಿದರು. ಆ ದೇಶದಲ್ಲಿ ಎಲ್ಲ ಮಕ್ಕಳನ್ನೂ ಕಟ್ಟುತ್ತಾರೆ ಅಂದರು ಇವರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಟ್ಟಿಮುಟ್ಟಾದ ಮಗುವನ್ನು ಕಟ್ಟಿಹಾಕುವ ದೇಶ ಯಾವುದಿದ್ದೀತು? ಜೋಹರಾಬಿ ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದರು.

"ಫೋನಿನ್ಯಾಗ ಯಾವತ್ತರ ಆಕಿ ನಿಂತಿದ್ದು ನೋಡೀರೇನು?"

ಮುರ್ತುಜಾಸಾಬರು ಯೋಚಿಸಿದರು. ಫ್ಯಾನು ನೋಡಿದ್ದರು, ನಿಂತಿದ್ದು ನೋಡಿರಲಿಲ್ಲ. ಇಷ್ಟಕ್ಕೆ ಯಾಕೆ ವಾದ, ಮಗಳನ್ನೇ ಕೇಳೋಣವೆಂದು ಎಲ್ಲರೆದುರು ಫೋನು ಹಚ್ಚಿ, ದನಿ ಜೋರು ಮಾಡಿ, ಮಗು ನಡೆಯುತ್ತದೋ ಇಲ್ಲವೋ ಅಷ್ಟು ಹೇಳು ಅಂದರು. ಆ ಕಡೆ ಪಾತ್ರೆ ಬಿದ್ದ ಸದ್ದು, ಯಾರನ್ನೋ ಗದರಿದ ಸದ್ದು ಕೇಳಿತು. ಆಮೇಲೆ ಶಬಾನಾ ದಣಿದ ದನಿಯಲ್ಲಿ, "ನಡಿಯೂದ ಎಲ್ಲಿ ಬಂತು ಅಬ್ಬಾ..." ಅಂದಳು. ನೆಟ್‌ವರ್ಕು ಹೋಯಿತು.

ಅಂಗಳದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು, ಮುರ್ತುಜಾಸಾಬರ ಹೆಗಲು ಮುಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಬೆಳಿಗ್ಗೆ ಶಬಾನಾ ಮತ್ತೆ ಫೋನು ಮಾಡಿ, ನಿನ್ನೆ ಹೇಳುತ್ತಿದ್ದ ಮಾತನ್ನು ಪೂರ್ತಿ ಮಾಡಿದಳು. ನಡೆಯುವುದೆಲ್ಲಿ ಬಂತು, ಬರೀ ಓಡುವುದೇ, ಹಿಡಿದು ಹಿಡಿದು ನನ್ನ ಮೊಣಕಾಲು ಹೋಗಿವೆ ಅಂದಳು. ಇದನ್ನು ಕೇಳಲು ಮುರ್ತುಜಾಸಾಬರೊಬ್ಬರೇ ಇದ್ದರು. ಅವರು ಓಣಿಯ ತುಂಬ ತಿರುಗಿ ಹೇಳಿದರು. ಓಣಿಯವರು, ಹೌದ್ರಿ, ಓಡ್ತಾಳ್ರಿ, ಯಾಕ ಓಡಬಾರದು ಎಂದು ಬಹಳ ಮೃದುವಾಗಿ ಒಪ್ಪಿಕೊಂಡರು. ಆ ಮೃದುತ್ವದಿಂದ ಅವರಿಗೆ ಸಿಟ್ಟು ನೆತ್ತಿಗೇರಿತು.

ಮೂರನೆಯ ದಿನ ಅಗರಖೇಡದಿಂದ ಹುಚ್ಚವ್ವ ಬಂದಳು. ಉಳುಕು, ಮುರಿತ, ಜಾರಿದ ಕೀಲು ಎಲ್ಲಕ್ಕೂ ಎಣ್ಣೆ ತಿಕ್ಕುವ ಮುದುಕಿ. ಯಾರೂ ಕರೆಸಿರಲಿಲ್ಲ. ಕರೆಸುವ ತನಕ ಕಾಯುವವಳೂ ಅಲ್ಲ. ಕೂಸು ಬರುವುದಕ್ಕೆ ಇನ್ನೂ ಎರಡು ವಾರವಿದೆಯೆಂದು ತಿಳಿದಾಗ, ಅಲ್ಲಿಯ ತನಕ ಇಲ್ಲೇ ಇರುತ್ತೇನೆಂದು ಗಂಟು ಇಳಿಸಿದಳು. ಸುಮ್ಮನೆ ಕೂರಲು ಬಾರದೆ ಜೋಹರಾಬಿಯ ಬೆನ್ನು ತಿಕ್ಕಿದಳು, ಚನ್ನವ್ವನ ಮೊಣಕಾಲು ತಿಕ್ಕಿದಳು. ಮುರ್ತುಜಾಸಾಬರು ಆ ದಿನಗಳಲ್ಲಿ ಆಕೆಯಿಂದ ಎರಡು ಮಾರು ದೂರವೇ ಓಡಾಡಿದರು.

ಆಮೇಲೆ ಬೀಗರು ಬಂದರು. ಮುಕ್ತಾರಸಾಬರು ಜೀಪು ಇಳಿದು, ನೀರನ್ನೂ ಮುಟ್ಟದೆ, ಇಷ್ಟು ದೊಡ್ಡ ವಿಷಯ ನಮಗೆ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದರು. ಮಗು ಅವರದೇ ಮಗನದು, ಅವರ ಮಗನಿಗೂ ಫೋನಿದೆ ಎಂದು ಮುರ್ತುಜಾಸಾಬರು ನೆನಪಿಸಿದರು. ಮಗನನ್ನು ಕೇಳಾಗಿದೆ, ಹುಮಾ ಚೆನ್ನಾಗಿದ್ದಾಳೆ, ಸೀಟೊಂದು ಮರೆಯಬೇಡಿ ಅಂತಾನೆ, ಚೆನ್ನಾಗಿದ್ದರೆ ಸೀಟು ಯಾಕೆ, ಅವನೂ ಹೆಂಡತಿಯ ಜೊತೆ ಸೇರಿ ಮುಚ್ಚಿಡುತ್ತಿದ್ದಾನೆ ಅಂದರು ಮುಕ್ತಾರಸಾಬರು. ನಂತರ ಎತ್ತರದ ದನಿಯಲ್ಲಿ, ತಮ್ಮ ಮನೆತನದ ಮಕ್ಕಳೆಲ್ಲ ಎಂಟನೇ ತಿಂಗಳಿಗೆ ನಡೆದವರು ಎಂದು ಘೋಷಿಸಿದರು.

"ನಮ್ಮ ಮನಿತನದಾಗ ಏಳಕ್ಕ ನಡದಾರ" ಅಂದರು ಮುರ್ತುಜಾಸಾಬರು.

ಯಾಕೆ ಹೇಳಿದರೋ ಅವರಿಗೇ ತಿಳಿಯಲಿಲ್ಲ. ಜೋಹರಾಬಿ ಒಳಗಿಂದ ಹೊರಬಂದು ಗಂಡನನ್ನು ನೋಡಿ ಮತ್ತೆ ಒಳಗೆ ಹೋದರು. ಶಬಾನಾ ಒಂದೂಕಾಲು ವರ್ಷಕ್ಕೆ ನಡೆದದ್ದು ಅವರಿಗೆ ನೆನಪಿತ್ತು. ಈ ಸ್ಪರ್ಧೆಯಲ್ಲಿ ಎರಡು ಮನೆತನಗಳ ನಾಲ್ಕು ತಲೆಮಾರು ಹಿಂದಿನವರ ನಡಿಗೆಯೂ ಬಂದು ಹೋಗಿ, ಕೊನೆಗೆ ಮುಕ್ತಾರಸಾಬರು ತಮ್ಮ ತೀರ್ಪು ಕೊಟ್ಟರು. ಕೂಸಿಗೆ ಒಳ್ಳೆಯ ಡಾಕ್ಟರು ಬೇಕು. ಆದ್ದರಿಂದ ಸಿಂದಗಿಯಿಂದ ಸೀದಾ ಬಾಗೇವಾಡಿ. ಇಂಡಿಯ ಮೂರು ದಿನವನ್ನು ಆಮೇಲೆ ನೋಡೋಣ. ಸೀಟಿನ ಚಿಂತೆ ಬೇಡ, ಬಡಿಗನಿಗೆ ಹೇಳಿ ಸಾಗವಾನಿಯಲ್ಲಿ ಮಾಡಿಸುತ್ತಿದ್ದೇನೆ, ಜೀಪಿನ ತಳಕ್ಕೆ ಬೋಲ್ಟು ಹೊಡೆದು ಕೂರಿಸುತ್ತೇನೆ, ಮಖಮಲ್ಲಿನ ಗಾದಿ ಹಾಕಿಸುತ್ತೇನೆ ಅಂದರು.

ಇದ್ದ ಮೂರು ದಿನವೂ ಹೋಗುವ ಹೊತ್ತು ಬಂತು. ಬೀಗರ ಜೀಪು ಓಣಿ ದಾಟುವುದರೊಳಗೆ ಅವರು ಗುರಪ್ಪನ ಮನೆಯಲ್ಲಿದ್ದರು. ಗುರಪ್ಪನ ಮಗಳು ಪ್ರಜ್ಞಾ ಕಾಲೇಜು ಓದುವವಳು. ಫೋನಿನಲ್ಲಿ ಏನು ಬೇಕಾದರೂ ತರಿಸುವವಳು. ಅವಳು ಸೀಟುಗಳ ಚಿತ್ರ ಒಂದೊಂದಾಗಿ ತೋರಿಸಿದಳು. ಮೂವತ್ತೊಂದು ವರ್ಷದ ಅನುಭವ ಈಗ ಕೆಲಸಕ್ಕೆ ಬಂತು. ಹಿಂದುಮುಖ ಮಾಡಿ ಕೂರಿಸುವ ಸೀಟನ್ನು ಅವರು ಕೂಡಲೇ ತಳ್ಳಿಹಾಕಿದರು. ಡ್ರೈವರನ ಬೆನ್ನಿಗಿರುವ ಹಿಂದುಮುಖದ ಸೀಟಿನಲ್ಲಿ ಕೂತವರು ವಾಂತಿ ಮಾಡದೆ ಆಲಮೇಲ ದಾಟಿದ್ದು ಅವರು ಕಂಡಿರಲಿಲ್ಲ. ಗರಗರ ತಿರುಗುವ ಸೀಟು ತೋರಿಸಿದಾಗ, ಅದು ಸಲೂನಿನದು, ಮುಂದೆ ಹೋಗು ಅಂದರು. ಮೇಲೆ ಕೊಡೆಯಂಥದ್ದಿದ್ದ ಸೀಟು ಟಾಂಗಾ ಆಯಿತು. ಬದಿಗೆ ನೀರಿನ ಬಾಟಲಿ ಇಡುವ ತೂತಿದ್ದ ಸೀಟನ್ನು, ಕುಡಿದ ನೀರು ಗಾಡಿ ನಿಲ್ಲಿಸುತ್ತದೆಂಬ ಕಾರಣಕ್ಕೆ ಬಿಟ್ಟರು. ಚನ್ನವ್ವ ಕೊಳೆ ಕಾಣದ ಬಣ್ಣ ಇರಲಿ ಅಂದಳು. ಕೊನೆಗೆ ಮುಂದೆ ಮುಖ ಮಾಡಿದ, ಐದು ಬೆಲ್ಟಿನ, ಕೆಂಪು ಸೀಟೊಂದು ಗೆದ್ದಿತು. ಚಿತ್ರ ಮಸ್ಕತ್ತಿಗೆ ಹೋಯಿತು. ಅದೇ ಹೊತ್ತಿಗೆ ಬಾಗೇವಾಡಿಯಿಂದ ಸಾಗವಾನಿಯ ಚಿತ್ರವೂ ಹೋಗಿತ್ತು. ಶಬಾನಾ ಸಾಗವಾನಿಯನ್ನು ನೋಡಿ, ಬಹಳ ಚೆಂದ ಇದೆ, ಮನೆಯಲ್ಲಿ ಇಡಿ ಎಂದು ಮಾವನವರಿಗೆ ಅದಬು ಮರ್ಯಾದೆಯಿಂದ ತಿಳಿಸಿ, ಕೆಂಪು ಸೀಟಿಗೆ ಹೂಂ ಅಂದಳು.

ಸೀಟು ಬಂತು. ಗುರಪ್ಪ ಅದರ ಜೊತೆಗಿದ್ದ ಚಿತ್ರ ನೋಡಿಕೊಂಡು ಕಾರಿಗೆ ಕಟ್ಟಿದ. ಆದರೆ ಪರೀಕ್ಷೆ ಮಾಡದೆ ಮಗುವನ್ನು ಕೂರಿಸುವುದು ಹೇಗೆ? ಹುಮಾಳ ತೂಕ ಹದಿನಾಲ್ಕು ಕಿಲೋ ಎಂದು ಕೇಳಿ ತಿಳಿದು, ಅಷ್ಟೇ ಜೋಳ ತೂಗಿ, ಚೀಲದ ಬಾಯಿ ಕಟ್ಟಿ, ಸೀಟಿನಲ್ಲಿ ಕೂರಿಸಿ ಐದೂ ಬೆಲ್ಟು ಬಿಗಿದರು. ಗುರಪ್ಪ ಓಡಿಸಿದ. ಮುರ್ತುಜಾಸಾಬರು ಪಕ್ಕದಲ್ಲಿ ಕೂತು ಹೊರಳಿ ಹೊರಳಿ ಜೋಳ ನೋಡಿದರು. ಆಲಮೇಲದ ತನಕ ಒಂದು ತಗ್ಗೂ ಬಿಡದೆ ಗಾಡಿ ಹಾಯಿಸಿದರು. ಜೋಳ ಅಲುಗಲಿಲ್ಲ. ಊರ ಹೊರಗೆ ಪೊಲೀಸನೊಬ್ಬ ಕೈ ಅಡ್ಡ ಮಾಡಿ, ಒಳಗೆ ಬಗ್ಗಿ, ಮೊದಲು ಹಿಂದಿನದನ್ನೂ ಆಮೇಲೆ ಮುಂದಿನವರನ್ನೂ ಸಾವಕಾಶ ನೋಡಿದ.

"ಜ್ವಾಳಕ್ಕ ಐದು ಬೆಲ್ಟ್ ಕಟ್ಟೀರಿ. ನೀವಿಬ್ಬರೂ ಒಂದೂ ಹಾಕಿಲ್ಲ" ಅಂದ.

ದಂಡದ ಚೀಟಿ ಹರಿಯುವಾಗ, ಅದು ಸರಿಯಾಗಿ ಹದಿನಾಲ್ಕು ಕಿಲೋ ಇದೆ ಸಾಹೇಬರೇ ಎಂದು ಮುರ್ತುಜಾಸಾಬರು ವಿವರಿಸಿದರು. ಪೊಲೀಸ ಕೇಳಿಸಿಕೊಂಡು ಎರಡನೆಯ ಚೀಟಿಯನ್ನೂ ಹರಿದ.

ಕೂಸಿಲ್ಲದಿದ್ದರೆ ಕೂಸಿನ ಜಾಗಕ್ಕಾದರೂ ಇರಲಿ ಎಂದು ಹುಚ್ಚವ್ವ ಆ ಸಂಜೆ ಸೀಟಿನ ಬೆನ್ನಿಗೆ ಎಣ್ಣೆ ತಿಕ್ಕಿದಳು. ಜೋಹರಾಬಿ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಶಬಾನಾ, ಅಶ್ಫಾಕ, ಎರಡು ಗಾಡಿ ಸಾಮಾನು ಹೊರಬಂದವು. ಸಾಮಾನಿನ ಮೇಲೆ ಹುಮಾ ಕೂತಿದ್ದಳು. ಮುರ್ತುಜಾಸಾಬರು ಎರಡೂ ಕೈ ಚಾಚಿದರು. ಹುಮಾ ಆ ಕೈಗಳನ್ನು ನೋಡಿ ಸಾಮಾನಿನಿಂದ ಜಾರಿ ಇಳಿದು ತಾಯಿಯ ಬೆನ್ನ ಹಿಂದೆ ಹೋದಳು. ಎರಡೂವರೆ ವರ್ಷ ಫೋನಿನಲ್ಲಿ ಸಣ್ಣಗಿದ್ದ ಅಜ್ಜ ಏಕಾಏಕಿ ಇಷ್ಟು ದೊಡ್ಡವನಾಗಿ ಬಂದರೆ ಯಾವ ಮಗುವಾದರೂ ಏನು ಮಾಡೀತು? ಅವರು ಚಾಚಿದ ಕೈಯಲ್ಲಿ ಒಂದು ಪೆಟ್ಟಿಗೆ ಎತ್ತಿಕೊಂಡರು.

ಕಾರಿನಲ್ಲಿ ಹುಮಾ ತಾನೇ ಹತ್ತಿ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿಸಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಅಜ್ಜನ ಎದೆ ನೋಡಿ, "ಬೆಲ್ಟ್" ಅಂದಳು. ಗಾಡಿ ಹೊರಟಿತು. ಹುಮಾ ಕೂಗಿದಳು. ಗಾಡಿ ನಿಂತಿತು. ಮುರ್ತುಜಾಸಾಬರು ಹಾಕಿಕೊಂಡರು, ಗುರಪ್ಪನೂ ಹಾಕಿಕೊಂಡ. ಮೊಮ್ಮಗಳು ಒಬ್ಬೊಬ್ಬರನ್ನೂ ನೋಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ತಲೆಯಾಡಿಸಿದಳು. ಇವಳು ನನ್ನ ರಕ್ತವೇ ಎಂದು ಮುರ್ತುಜಾಸಾಬರಿಗೆ ಗ್ಯಾರಂಟಿಯಾಯಿತು. ಕಲಬುರಗಿ ಬರುವ ಹೊತ್ತಿಗೆ ಅರ್ಧ ತಿಂದ ಬಿಸ್ಕಿಟು ಹಿಡಿದುಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ಸಿಂದಗಿಯಲ್ಲಿ ಗಾಡಿ ಇಂಡಿಯ ಕಡೆ ಹೊರಳಿದಾಗ ಹುಮಾ ಒಂದು ಕಾಲನ್ನು ಅವರ ಮೊಣಕಾಲ ಮೇಲೆ ಚಾಚಿ ನಿದ್ದೆ ಹೋಗಿದ್ದಳು. ಮನೆ ಬರುವ ತನಕ ಅವರು ಆ ಮೊಣಕಾಲು ಅಲ್ಲಾಡಿಸಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂದು ಹೋಯಿತು, ಒರೆಸಿಕೊಳ್ಳಲು ಕೈಯಲ್ಲಿ ಬಿಸ್ಕಿಟಿತ್ತು.

ಓಣಿಯಲ್ಲಿ ಜನ ನೆರೆದಿದ್ದರು. ಮುಕ್ತಾರಸಾಬರು ಹೆಂಡತಿಯೊಂದಿಗೆ ಬೆಳಿಗ್ಗೆಯೇ ಬಂದು ಕೂತಿದ್ದರು. ಅಂಗನವಾಡಿಯ ಟೀಚರು ತೂಕದ ತಕ್ಕಡಿ ತಂದಿದ್ದಳು. ಹುಚ್ಚವ್ವ ಎಣ್ಣೆ ಬೆಚ್ಚಗೆ ಮಾಡಿ, ಮಣೆ ಹಾಕಿ, ಸೆರಗು ಸಿಕ್ಕಿಸಿ ಕಾಯುತ್ತಿದ್ದಳು. ಕಾರಿನ ಬಾಗಿಲು ತೆರೆಯಿತು. ಬೆಲ್ಟು ಕಟ್ಟಿದ ಹುಮಾಳನ್ನು ಕಂಡು ಹೆಂಗಸರು ಬಾಯಿಗೆ ಸೆರಗು ಹಿಡಿದರು. ಶಬಾನಾ ಬೆಲ್ಟು ಬಿಚ್ಚಿ ಮಗಳನ್ನು ನೆಲಕ್ಕೆ ಇಳಿಸಿದಳು. ಹುಮಾ ಕಣ್ಣುಜ್ಜಿಕೊಂಡು ಸುತ್ತ ನೋಡಿದಳು, ಚನ್ನವ್ವನ ಕಟ್ಟೆಯ ಮೇಲೆ ಆಡಿನ ಮರಿ ಕಂಡಳು. ಆಮೇಲೆ ಓಡಿದಳು. ಆಡಿನ ಮರಿ ಹೆದರಿ ಓಡಿತು, ಅದರ ಹಿಂದೆ ಅವಳು, ಅವಳ ಹಿಂದೆ ಅಶ್ಫಾಕ, ಓಣಿಯ ತುದಿಯ ತನಕ.

ಮುರ್ತುಜಾಸಾಬರು ಎಲ್ಲರ ಮುಖ ನೋಡಿದರು. ಈಗ ಯಾರಾದರೂ ತಪ್ಪಾಯಿತೆಂದು ಹೇಳಬೇಕಿತ್ತು. ಹುಚ್ಚವ್ವ ಎದ್ದು, ಕಾರಿನೊಳಗೆ ಬಗ್ಗಿ ಸೀಟನ್ನು ಮೂಸಿ ನೋಡಿ, ಜನರ ಕಡೆ ತಿರುಗಿದಳು.

"ಹತ್ತು ತಾಸು ಸೀಟಿಗೆ ಬೆನ್ನ ಹಚ್ಚಿ ಕುಂತೈತಿ ಕೂಸು. ಎಣ್ಣಿ ತನ್ನ ಕೆಲಸ ಮಾಡೈತಿ" ಅಂದಳು.

ಓಣಿಯ ತುಂಬ ಒಂದು ನಿಟ್ಟುಸಿರು ಎದ್ದಿತು. ಮುಕ್ತಾರಸಾಬರ ಹೆಂಡತಿ ಹುಚ್ಚವ್ವನ ಕೈ ಹಿಡಿದು ಅತ್ತರು. ಸ್ವತಃ ಮುಕ್ತಾರಸಾಬರು, ಕೂಸು ಹುಟ್ಟಿದಂದೇ ಈಕೆಯನ್ನು ಮಸ್ಕತ್ತಿಗೆ ಕಳಿಸಬೇಕಿತ್ತು ಅಂದರು. ಸೀಟಿನ ವಿಷಯದಲ್ಲಿ ಮೂವತ್ತೊಂದು ವರ್ಷದ ಅನುಭವವಿದ್ದ ಮುರ್ತುಜಾಸಾಬರು ಪೆಟ್ಟಿಗೆಗಳನ್ನು ಇಳಿಸತೊಡಗಿದರು.

ಮರುದಿನವೇ ಆಲಮೇಲದಿಂದ ಒಬ್ಬ ತಾಯಿ, ವರ್ಷ ತುಂಬಿದರೂ ಹೆಜ್ಜೆ ಇಡದ ಮಗನನ್ನು ಎತ್ತಿಕೊಂಡು ಬಂದಳು. ಒಂದೇ ದಿನ ಸೀಟಿನಲ್ಲಿ ಕೂರಿಸಿ ಕೊಡುತ್ತೇನೆ ಅಂದಳು. ಇದು ಔಷಧವಲ್ಲ, ಗಾಡಿಯ ಸೀಟು, ಈ ವಯಸ್ಸಿಗೆ ನಡೆಯದಿದ್ದರೆ ಭಯವೂ ಇಲ್ಲ ಎಂದು ಮುರ್ತುಜಾಸಾಬರು ತಿಳಿಸಿ ಹೇಳಿದರು. ಆ ತಾಯಿ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಳು. ಜೋಹರಾಬಿಗೆ ತಡೆಯಲಾಗದೆ ಸೀಟು ಬಿಚ್ಚಿಸಿ ಕೊಟ್ಟರು.

ಮೂರು ದಿನ ಮುಗಿದು ಬಾಗೇವಾಡಿಯ ಜೀಪು ಬಂದಾಗ ಸೀಟು ಆಲಮೇಲದಲ್ಲಿತ್ತು. ಜೀಪಿನ ತಳದಲ್ಲಿದ್ದ ಸಾಗವಾನಿಯ ಕುರ್ಚಿಯಲ್ಲಿ ಹುಮಾ ಕೂರಲಿಲ್ಲ, ಶಬಾನಾ ಕೂರಿಸಲಿಲ್ಲ. ಮುಕ್ತಾರಸಾಬರು ಆಲಮೇಲಕ್ಕೆ ಹೋದರು. ಹುಡುಗ ಅದೇ ಬೆಳಿಗ್ಗೆ ಮೂರು ಹೆಜ್ಜೆ ಇಟ್ಟಿದ್ದನಂತೆ. ಆ ಉತ್ಸಾಹದಲ್ಲಿ ಅವನ ಅತ್ತೆ ಸೀಟನ್ನು ಸಿಂದಗಿಗೆ ಒಯ್ದಿದ್ದಳು. ಸಿಂದಗಿಗೆ ಹೋದರೆ, ಅತ್ತೆಯ ಮನೆಯಿಂದ ಪರಮಾನಂದ ಅಳತೆ ತೆಗೆದುಕೊಳ್ಳಲು ಒಯ್ದಿದ್ದ. ಅವನ ಅಂಗಡಿಗೆ ಹೋದರೆ, ನಾಲ್ಕು ತಾಯಂದಿರು ಪಾಳಿ ಹಚ್ಚಿದ್ದರು. ಪಾಳಿಯಲ್ಲಿ ನಿಂತ ಹೆಂಗಸರ ಮುಂದೆ ಮುಕ್ತಾರಸಾಬರ ಎತ್ತರದ ದನಿ ನಡೆಯಲಿಲ್ಲ. ಮೊದಲು ನಾಲ್ಕು ಮಕ್ಕಳ ಪಾಳಿ ಮುಗಿಯಲಿ, ಆಮೇಲೆ ನಾನೇ ತಲುಪಿಸುತ್ತೇನೆ ಎಂದು ಪರಮಾನಂದ ಕೈ ಮುಗಿದ. ಅವರು ಬಾಗೇವಾಡಿಗೆ ಹೋಗಿ ದಿನಾ ಫೋನು ಮಾಡತೊಡಗಿದರು.

ಇತ್ತ ಇಂಡಿಯಲ್ಲಿ ಮೂರು ದಿನ ನಾಲ್ಕಾಯಿತು, ಐದಾಯಿತು, ಎಂಟಾಯಿತು. ಹುಮಾಳಿಗೆ ಅಜ್ಜನ ಹೆಗಲು ಗೊತ್ತಾಯಿತು, ಕಿವಿ ಗೊತ್ತಾಯಿತು, ಕಿವಿ ಹಿಂಡಿದರೆ ಅವರು ಯಾವ ಕಡೆ ಹೊರಳುತ್ತಾರೆಂಬುದು ಗೊತ್ತಾಯಿತು. ತಾಯಿಯ ತಂದೆಯನ್ನು ನಾನಾ ಎಂದು ಕರೆಯುವುದನ್ನು ಕಲಿತು ದಿನಕ್ಕೆ ನೂರು ಸಲ ಕರೆದಳು. ನೂರು ಸಲವೂ ಅವರು ಓ ಅಂದರು.

ಒಂಬತ್ತನೆಯ ದಿನ ಮಧ್ಯಾಹ್ನ, ಗೊಬ್ಬರ ತರಲಿಕ್ಕೆ ಸಿಂದಗಿಗೆ ಹೋಗಿದ್ದ ಗುರಪ್ಪ ಮನೆಯ ಮುಂದೆ ಕಾರು ನಿಲ್ಲಿಸಿದ. ಹಿಂದಿನ ಸೀಟಿನ ಮೇಲೆ ಕೆಂಪು ಸೀಟು ಕೂತಿತ್ತು. ಪಾಳಿ ಮುಗಿಯಿತಂತೆ, ಪರಮಾನಂದ ಒಪ್ಪಿಸಿ ಕಳಿಸಿದ, ನಾಳೆ ಬೆಳಿಗ್ಗೆ ಜೀಪು ಕಳಿಸಲು ಬೀಗರಿಗೆ ಈಗಲೇ ಫೋನು ಮಾಡೋಣ ಎಂದು ಇಳಿಯುತ್ತಲೇ ಹೇಳಿದ.

ಮುರ್ತುಜಾಸಾಬರು ಹುಮಾಳನ್ನು ಹೆಗಲ ಮೇಲೆ ಹೊತ್ತು ಬೇವಿನ ಗಿಡದ ಕೆಳಗೆ ನಿಂತಿದ್ದರು. ಸೀಟು ನೋಡಿದರು. ಮನೆಯ ಬಾಗಿಲು ನೋಡಿದರು. ಶಬಾನಾ ಹೊರಗೆ ಬಂದಿರಲಿಲ್ಲ.

"ಗುರಪ್ಪಾ, ಮುದ್ದೇಬಿಹಾಳದಾಗ ನಿನ್ನ ತಂಗಿ ಮೊಮ್ಮಗ ಅದಾನಲ್ಲ. ನಡಿಯಾಕತ್ತಾನೇನು?"

"ಎಲ್ಲೀದ್ರಿ. ಐದು ತಿಂಗಳ ಕೂಸು."

"ನಡೀತೈತೋ ಇಲ್ಲೋ, ಅಷ್ಟ ಹೇಳು."

"ಇಲ್ರಿ."

"ಮತ್ತ ಇಲ್ಲೇನ ನಿಂತೀದಿ" ಅಂದರು ಮುರ್ತುಜಾಸಾಬರು. "ಗಾಡಿ ತಿರುಗಿಸು."